ವ್ಯಾಖ್ಯಾನಕಾರನ ನೇಮಕ

ಗಣಕಯಂತ್ರಕ್ಕಾಗಿ ಪ್ರೋಗ್ರಾಮುಗಳನ್ನು ರಚಿಸುವವರ ಲೋಕದಲ್ಲಿ, ರಚಿಸಿದುದನ್ನು ಅನ್ಯರಿಗೆ ತಿಳಿಯುವಂತೆ ವಿವರಿಸಿ ಬರೆದಿಡುವ ಕಾರ್ಯಕ್ಕೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕಿದ್ದು ವಿರಳ. ಪ್ರೋಗ್ರಾಮು ನಡೆಯಿತೆಂದರೆ ಕರ್ತೃವಿಗೆ ಕೃತಾರ್ಥತೆ ಒದಗುತ್ತದೆ; ಅದನ್ನು ಬಳಸತಕ್ಕವನು ಎಲ್ಲಿಂದ ಹೊರಡಬೇಕು, ಎಲ್ಲಿ ಎಡವಬಹುದು, ಎಡವಿದಲ್ಲಿ ಏನು ಮಾಡಬೇಕು ಎಂಬ ಸಂಗತಿಗಳೆಲ್ಲ, ಬಿಡುವಾದಾಗ ಬರೆಯೋಣವೆಂಬ ಸಂಕಲ್ಪದಲ್ಲಿಯೇ ನಿಂತು, ಆ ಬಿಡುವು ಬರುವಷ್ಟರಲ್ಲಿ ಕರ್ತೃವಿಗೇ ಮರೆತುಹೋಗಿರುತ್ತವೆ. ಆಲಸ್ಯವೊಂದೇ ಇದಕ್ಕೆ ಕಾರಣವೆಂದು ನಾನು ತಿಳಿದಿಲ್ಲ. ಒಂದು ವಸ್ತುವನ್ನು ಒಳಗಿನಿಂದ ಬಲ್ಲವನು ಅದನ್ನು ಹೊರಗಿನಿಂದ ಕಾಣುವ ಕಣ್ಣನ್ನು ಕಳೆದುಕೊಂಡಿರುತ್ತಾನೆ. ತನಗೆ ನಿಚ್ಚಳವಾಗಿರುವುದು ಮತ್ತೊಬ್ಬನಿಗೆ ಅಗೋಚರವಾಗಿರಬಹುದೆಂಬ ಊಹೆಯೇ ಅವನಲ್ಲಿ ಹುಟ್ಟದು.

ಈ ವಿಷಯದಲ್ಲಿ ಹಿಂದಿನವರು ತೋರಿದ ಶ್ರದ್ಧೆ ಸ್ಮರಣೀಯವಾದುದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯೂನಿಕ್ಸ್ ವ್ಯವಸ್ಥೆಯನ್ನು ಕಟ್ಟಿದ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ, ೧೯೭೧ರ ನವೆಂಬರ್ ೩ರ ದಿನಾಂಕವುಳ್ಳ ಅದರ ಪ್ರಥಮ ಕೈಪಿಡಿಯಲ್ಲಿ, ಆಜ್ಞೆಗಳ ಹೆಸರು, ಪ್ರಯೋಗದ ರೂಪ, ವಿವರಣೆ ಇವುಗಳ ಜೊತೆಗೆ ‘ಬಗ್ಸ್’ ಎಂಬ ತಲೆಬರಹವೊಂದನ್ನಿಟ್ಟು, ತಮ್ಮ ಕೃತಿಯಲ್ಲಿ ತಮಗೆ ತಿಳಿದಿದ್ದ ದೋಷಗಳನ್ನು ತಾವೇ ಬರೆದರು. ಕೃತಿಯ ಕುಂದನ್ನು ಕೃತಿಕಾರನೇ ಅದೇ ಪುಟದಲ್ಲಿ ಓದುಗನಿಗೆ ಅರುಹುವ ಆ ಪದ್ಧತಿಯಲ್ಲಿ ಎಂತಹ ಸೌಜನ್ಯವಿದೆ! ಕೈಪಿಡಿಯ ಸತ್ತ್ವಪರೀಕ್ಷೆಗೆ ಅದಕ್ಕಿಂತ ಮೇಲಾದ ನಿಕಷವನ್ನು ನಾನು ಇದುವರೆಗೆ ಕಂಡಿಲ್ಲ.

ಈಚೆಗೆ ಈ ಕಾರ್ಯವನ್ನು ವಹಿಸಿಕೊಳ್ಳಲು ಹೊಸ ಸಹಾಯಕರು ಒದಗಿದ್ದಾರೆ. ಕೋಡ್ ಬರೆಯುವುದರಲ್ಲಿ ನೆರವಾಗುವ ಕೃತಕ ಬುದ್ಧಿಮತ್ತೆಯ ಸಾಧನಗಳು, ಕೇಳಿದ ಪ್ರಶ್ನೆಗೆ ಉತ್ತರವೀಯುವ ಮೊದಲಿನ ಅವಸ್ಥೆಯನ್ನು ದಾಟಿ, ಕಡತಗಳನ್ನು ತಾವೇ ತೆರೆದು ಓದಿ, ತಿದ್ದಿ, ಆಜ್ಞೆಗಳನ್ನು ನಡೆಸಿ, ಫಲವನ್ನು ನೋಡಿ ಮುಂದಿನ ಹೆಜ್ಜೆಯನ್ನು ನಿಶ್ಚಯಿಸುವ ‘ಏಜೆಂಟ್’ಗಳಾಗಿ ಪರಿಣಮಿಸಿವೆ. ಇಂತಹ ಒಬ್ಬ ಸರ್ವಕಾರ್ಯನಿರ್ವಾಹಕನ ಕೈಕೆಳಗೆ, ಒಂದೊಂದು ವಿಶೇಷ ಕಾರ್ಯಕ್ಕೆ ಒಬ್ಬೊಬ್ಬ ಪ್ರತ್ಯೇಕ ಏಜೆಂಟನನ್ನು ನೇಮಿಸಿಕೊಳ್ಳುವ ಸೌಕರ್ಯವನ್ನು ೨೦೨೫ರಲ್ಲಿ ಕ್ಲಾಡ್ ಕೋಡ್ ಎಂಬ ಸಾಧನವು ಕಲ್ಪಿಸಿತು. ಅದೇ ವರ್ಷ ಗಿಟ್‌ಹಬ್ ಕೋಪೈಲಟ್‌ನಲ್ಲಿಯೂ ಇಂತಹ ವ್ಯವಸ್ಥೆ ಬಂದಿತು. ನೇಮಕದ ವಿಧಾನ ಬಹಳ ಸರಳ. ಮಾರ್ಕ್‌ಡೌನ್ ರೂಪದ ಒಂದು ಫೈಲು. ಅದರ ಶಿರೋಭಾಗದಲ್ಲಿ ಏಜೆಂಟನ ಹೆಸರು, ಯಾವ ಸಂದರ್ಭದಲ್ಲಿ ಅವನನ್ನು ಕರೆಯಬೇಕೆಂಬ ಒಂದೆರಡು ಸಾಲಿನ ವರ್ಣನೆ, ಅವನು ಬಳಸಬಹುದಾದ ಟೂಲ್‌ಗಳ ಪಟ್ಟಿ. ಅದರ ಕೆಳಗೆ ಸಾಮಾನ್ಯ ಮಾತಿನಲ್ಲಿಯೇ ಅವನಿಗೆ ಕೊಡತಕ್ಕ ಆದೇಶ. ಇಷ್ಟೇ. ಮುಖ್ಯ ಏಜೆಂಟನು ಆ ವರ್ಣನೆಯನ್ನು ನೋಡಿ, ಬಂದ ಕೆಲಸ ಅದಕ್ಕೆ ಹೊಂದುತ್ತದೆಯೆಂದು ಕಂಡರೆ, ಇವನಿಗೆ ಒಪ್ಪಿಸುತ್ತಾನೆ. ಇವನು ತನ್ನದೇ ಆದ ಕಾಂಟೆಕ್ಸ್ಟ್ ವಿಂಡೋದಲ್ಲಿ, ಎಂದರೆ ಅದುವರೆಗೆ ನಡೆದ ಮಾತುಕತೆಯ ಗದ್ದಲದಿಂದ ಬೇರ್ಪಟ್ಟ ನಿರ್ಮಲವಾದ ಸ್ಮೃತಿಯಲ್ಲಿ, ಕೆಲಸ ಮಾಡಿ ಫಲಿತಾಂಶವನ್ನು ಮಾತ್ರ ಹಿಂದಿರುಗಿಸುತ್ತಾನೆ. ದೋಷ ಹುಡುಕುವುದರಲ್ಲಿ ಅರ್ಧ ದಿನ ಕಳೆದ ಸ್ಮೃತಿಯಲ್ಲಿ ಹೊಸ ಓದುಗನಿಗೆ ಹಿತವಾದ ವಾಕ್ಯ ಹುಟ್ಟುವುದು ಕಷ್ಟವಾದುದರಿಂದ, ಈ ಪ್ರತ್ಯೇಕತೆ ವಿವರಣೆ ಬರೆಯುವವನಿಗಂತೂ ಅತ್ಯಾವಶ್ಯಕವಾದುದು.

ನಾನು ನೋಡಿಕೊಳ್ಳುತ್ತಿರುವ ಒಂದು ಸಣ್ಣ ಪ್ರೋಗ್ರಾಮಿಗೆ ಇಂತಹ ಏಜೆಂಟನೊಬ್ಬನನ್ನು ನೇಮಿಸಿದಾಗ ಮನಸ್ಸಿನಲ್ಲಿ ಹಾದುಹೋದ ವಿಚಾರಗಳೇ ಈ ಲೇಖನಕ್ಕೆ ಪ್ರೇರಣೆ. ಆ ಪ್ರೋಗ್ರಾಮಿನ ಕೆಲಸ ಹಳೆಯ ಕನ್ನಡ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವುದು. ಯೂನಿಕೋಡ್ ನಮ್ಮಲ್ಲಿ ಬಳಕೆಗೆ ಬರುವುದಕ್ಕೆ ಮುಂಚೆ, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಮತ್ತು ‘ಬರಹ’ ಮೊದಲಾದ ತಂತ್ರಾಂಶಗಳಲ್ಲಿ ಲೆಕ್ಕವಿಲ್ಲದಷ್ಟು ಪುಸ್ತಕ, ಪತ್ರಿಕೆ, ಪ್ರಬಂಧಗಳು ಬೆರಳಚ್ಚಾದುವು. ಆ ಕಾಲದ ಫಾಂಟುಗಳು ಕನ್ನಡದ ವರ್ಣಗಳನ್ನು ವರ್ಣಗಳೆಂದು ದಾಖಲಿಸದೆ, ತಲೆಕಟ್ಟು, ಕೊಂಬು, ಒತ್ತು, ದೀರ್ಘ ಮೊದಲಾದ ಆಕೃತಿಗಳ ತುಂಡುಗಳನ್ನು ಲ್ಯಾಟಿನ್ ಲಿಪಿಯ ಸ್ಥಾನಗಳಲ್ಲಿ ಕೂರಿಸಿದ್ದುವು. ಆದುದರಿಂದ ಆ ಫಾಂಟಿಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಕನ್ನಡಕ್ಕೆ ಬದಲಾಗಿ ಐರೋಪ್ಯ ಚಿಹ್ನೆಗಳ ರಾಶಿ ಕಾಣಿಸುತ್ತದೆ. ಪರಿವರ್ತನೆಯೆಂದರೆ ಒಂದು ಚಿಹ್ನೆಯ ಸ್ಥಾನದಲ್ಲಿ ಮತ್ತೊಂದನ್ನಿಡುವುದಷ್ಟೇ ಅಲ್ಲ. ‘ಸೂರ್ಯ’ ಎಂಬ ಪದದಲ್ಲಿ ಅರ್ಕಾವತ್ತು ಕಣ್ಣಿಗೆ ಯಕಾರದ ಬಲಕ್ಕೆ ಕಾಣುತ್ತದೆ, ಹಳೆಯ ಕಡತದಲ್ಲಿ ದಾಖಲಾಗಿರುವುದೂ ಅಲ್ಲಿಯೇ. ಯೂನಿಕೋಡಿನಲ್ಲಾದರೋ ಉಚ್ಚಾರಣೆಯ ಕ್ರಮವನ್ನನುಸರಿಸಿ ರೇಫವು ಮೊದಲು ಬರಬೇಕು. ಅದೇ ಪದವನ್ನು ರಕಾರದ ಕೆಳಗೆ ಒತ್ತನ್ನಿಟ್ಟು ‘ಸೂರ‍್ಯ’ ಎಂದು ಬರೆಯುವ ಸಂಪ್ರದಾಯವೂ ಉಂಟು. ಆ ರೂಪವನ್ನು ಯೂನಿಕೋಡಿನಲ್ಲಿ ಉಳಿಸಿಕೊಳ್ಳಬೇಕಾದರೆ ‘ಝೀರೋ ವಿಡ್ತ್ ಜಾಯಿನರ್’ ಎಂಬ ಕಣ್ಣಿಗೆ ಕಾಣದ ಚಿಹ್ನೆಯೊಂದನ್ನು ನಡುವೆ ಸೇರಿಸಬೇಕಾಗುತ್ತದೆ. ಲೇಖಕನಾಗಲಿ ಮುದ್ರಕನಾಗಲಿ ಯಾವ ರೂಪವನ್ನು ಆರಿಸಿದ್ದನೋ ಅದನ್ನೇ ಉಳಿಸತಕ್ಕದ್ದೆಂಬುದು ಆ ಪ್ರೋಗ್ರಾಮಿನ ವ್ರತ.

ಯಾವ ವಿಶೇಷ ನೇಮಕವೂ ಇಲ್ಲದೆ, ‘ಇದಕ್ಕೊಂದು ಕೈಪಿಡಿ ಬರೆ’ ಎಂದಷ್ಟೇ ಒಬ್ಬ ಸಾಮಾನ್ಯ ಸಹಾಯಕನಿಗೆ ಹೇಳಿದಾಗ ಬಂದ ಬರೆಹದ ಸ್ವರೂಪ ವಿಚಾರಯೋಗ್ಯವಾದುದು. ವಾಕ್ಯಗಳು ನುಣುಪಾಗಿದ್ದುವು, ತಲೆಬರಹಗಳು ಧಾರಾಳವಾಗಿದ್ದುವು, ವೇಗ ವಿಶ್ವಾಸಾರ್ಹತೆ ಮೊದಲಾದ ಗುಣಗಳ ಪ್ರಶಂಸೆಗೂ ಕೊರತೆಯಿರಲಿಲ್ಲ. ಆದರೆ ಒಂದು ಇಡೀ ಫೋಲ್ಡರಿನ ಕಡತಗಳನ್ನು ಒಮ್ಮೆಗೇ ಪರಿವರ್ತಿಸುವ ಸೌಲಭ್ಯವೊಂದು ಅಲ್ಲಿ ವರ್ಣಿತವಾಗಿದ್ದಿತು. ಅಂತಹ ಸೌಲಭ್ಯ ಪ್ರೋಗ್ರಾಮಿನಲ್ಲಿ ಇರಲೇ ಇಲ್ಲ. ಆ ಅದೃಶ್ಯವಾದ ಜಾಯಿನರ್ ಚಿಹ್ನೆಯ ವಿಷಯದಲ್ಲಂತೂ, ಪಠ್ಯದಲ್ಲಿ ಸೇರಿಕೊಂಡ ಕಸವನ್ನು ಪ್ರೋಗ್ರಾಮು ಶುಚಿಗೊಳಿಸುತ್ತದೆ ಎಂದು, ಇದ್ದುದಕ್ಕೆ ತದ್ವಿರುದ್ಧವಾದ ವಿವರಣೆ ಬಂದಿತ್ತು. ಇದರಲ್ಲಿ ವಂಚನೆಯ ಉದ್ದೇಶವನ್ನು ಹುಡುಕಬೇಕಾಗಿಲ್ಲ. ಅಸಂಖ್ಯಾತ ಕೈಪಿಡಿಗಳಿಂದ ಮಾತಿನ ಹದವನ್ನು ಕಲಿತ ಯಂತ್ರವು, ಇಂತಹ ಪ್ರೋಗ್ರಾಮುಗಳಲ್ಲಿ ಸಾಮಾನ್ಯವಾಗಿ ಇಂತಹದು ಇರುತ್ತದೆ ಎಂಬ ಸಂಭವವನ್ನು, ಇದರಲ್ಲಿ ಇದು ಇದೆ ಎಂಬ ನಿಶ್ಚಯವಾಗಿ ಹೇಳಿಬಿಡುತ್ತದೆ. ಅದರ ಮಾತು ಎಲ್ಲಿ ತಿಳಿದು ಹೇಳಿದುದು, ಎಲ್ಲಿ ಊಹಿಸಿ ಹೇಳಿದುದು ಎಂಬ ಭೇದ ವಾಕ್ಯದ ಮುಖಲಕ್ಷಣದಿಂದ ಗೊತ್ತಾಗುವುದಿಲ್ಲ. ಎರಡಕ್ಕೂ ಒಂದೇ ಧೈರ್ಯ, ಒಂದೇ ಧಾಟಿ.

ಆದುದರಿಂದ ನೇಮಕಪತ್ರವನ್ನು ಬರೆಯಬೇಕಾಯಿತು. ಇಂತಹ ಪತ್ರಗಳನ್ನು ಬರೆಯುವವರು ಸಾಮಾನ್ಯವಾಗಿ, ‘ನೀನು ಪರಿಣತನಾದ ತಾಂತ್ರಿಕ ಲೇಖಕ’ ಎಂಬ ಅಭಿನಂದನೆಯಿಂದ ಆರಂಭಿಸುತ್ತಾರೆ. ಆ ವಾಕ್ಯದಿಂದ ಹಾನಿಯೇನೂ ಇಲ್ಲ. ಬರೆಹದ ಶ್ರುತಿಯನ್ನು ಅದು ಸ್ವಲ್ಪ ಮಟ್ಟಿಗೆ ಹೊಂದಿಸುವುದೂ ಉಂಟು. ಆದರೆ ಬರೆಯುವವನಾರೆಂಬುದಕ್ಕಿಂತ ಓದುವವನಾರೆಂಬುದನ್ನು ಹೇಳುವುದರಿಂದ ಹೆಚ್ಚಿನ ಪ್ರಯೋಜನ. ನಮ್ಮ ಶಾಸ್ತ್ರಕಾರರು ಗ್ರಂಥಾರಂಭದಲ್ಲಿಯೇ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ನಿರ್ಣಯಿಸಿಕೊಳ್ಳುತ್ತಿದ್ದರು. ಈ ಗ್ರಂಥವನ್ನು ಓದತಕ್ಕವನು ಎಂತಹವನು, ಅವನು ಏನನ್ನು ಬಲ್ಲವನಾಗಿರಬೇಕು, ಏನನ್ನು ಬಯಸಿ ಬಂದಿದ್ದಾನೆ ಎಂಬುದು ಸ್ಥಿರಪಟ್ಟ ಮೇಲೆಯೇ ಮುಂದಿನ ಮಾತು. ನನ್ನ ಪತ್ರದಲ್ಲಿಯೂ ಅಧಿಕಾರಿನಿರೂಪಣೆಗೇ ಹೆಚ್ಚು ಸ್ಥಳ ಮೀಸಲಾಯಿತು: ಗ್ರಂಥಾಲಯದ ಹಳೆಯ ಸೂಚಿಗಳನ್ನು ಹುಡುಕಬಲ್ಲ ರೂಪಕ್ಕೆ ತರಬೇಕೆಂದಿರುವ ಗ್ರಂಥಪಾಲಕಿ, ಇಪ್ಪತ್ತು ವರ್ಷದ ಹಿಂದಿನ ಪುಸ್ತಕವನ್ನು ಮರುಮುದ್ರಣಕ್ಕೆ ಅಣಿಗೊಳಿಸುತ್ತಿರುವ ಪ್ರಕಾಶಕ, ತಂದೆ ಬೆರಳಚ್ಚು ಮಾಡಿಟ್ಟುಹೋದ ಲೇಖನಗಳನ್ನು ಓದಲಾಗದೆ ನೊಂದಿರುವ ಮಗಳು. ಇವರಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಆಜ್ಞಾಪಂಕ್ತಿಯ ಬಳಕೆ ಬಾರದು ಎಂಬ ಎರಡು ಮಾತುಗಳು, ‘ಸರಳವಾಗಿ ಬರೆ’ ಎಂಬ ಹತ್ತು ಉಪದೇಶಗಳಿಗಿಂತ ಹೆಚ್ಚು ಕೆಲಸ ಮಾಡಿದುವು.

ಒಂದೇ ಪುಟದಲ್ಲಿ ಎಲ್ಲವನ್ನೂ ತುಂಬುವ ಚಾಪಲ್ಯಕ್ಕೆ ಡಾನಿಯೇಲೆ ಪ್ರೊಚೀದಾ ಎಂಬವರು ರೂಪಿಸಿದ ‘ಡಯಾಟ್ಯಾಕ್ಸಿಸ್’ ಎಂಬ ವಿಭಾಗಕ್ರಮ ಒಳ್ಳೆಯ ಔಷಧ. ಕಲಿಯುವವನಿಗೆ ಪಾಠ, ಕೆಲಸವಿರುವವನಿಗೆ ಕಾರ್ಯವಿಧಾನ, ವಿವರವನ್ನು ಹುಡುಕುವವನಿಗೆ ನಿರ್ದೇಶಿಕೆ, ತತ್ತ್ವವನ್ನರಸುವವನಿಗೆ ವಿವೇಚನೆ ಎಂದು ಅವರು ಬರೆಹವನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ಒಂದರೊಳಗೆ ಮತ್ತೊಂದನ್ನು ಬೆರೆಸಕೂಡದೆಂದು ಹೇಳುತ್ತಾರೆ. ಏಜೆಂಟನಿಗೆ ಕೆಲಸವನ್ನು ಒಪ್ಪಿಸುವಾಗ ಇವುಗಳಲ್ಲಿ ಯಾವುದನ್ನು ಬರೆಯಬೇಕೆಂದು ಹೇಳಿ, ಆ ಬಗೆಯ ಒಂದು ಮಾದರಿಪುಟವನ್ನು ನಾವೇ ಬರೆದು ಮುಂದಿಟ್ಟರೆ, ಮುಂದಿನ ಪುಟಗಳು ಅದರ ಜಾಡನ್ನು ಹಿಡಿಯುತ್ತವೆ. ವಿಶೇಷಣಗಳಿಂದ ಕಲಿಯಲಾರದುದನ್ನು ಯಂತ್ರವು ದೃಷ್ಟಾಂತದಿಂದ ಬೇಗ ಕಲಿಯುತ್ತದೆ.

ಆದರೆ ಪತ್ರದ ಜೀವಾಳ ಬೇರೊಂದೆಡೆ ಇದೆ. ಅದನ್ನು ಯೋಚಿಸುತ್ತಿದ್ದಾಗ ನನ್ನ ನೆನಪಿಗೆ ಬಂದವನು ಕೋಲಾಚಲ ಮಲ್ಲಿನಾಥಸೂರಿ. ಕಾಳಿದಾಸನ ಕಾವ್ಯಗಳಿಗೆ ಟೀಕೆ ಬರೆಯಲು ಹೊರಟಾಗ ಆತ ಎರಡು ನಿಯಮಗಳನ್ನು ತನಗೆ ತಾನೇ ವಿಧಿಸಿಕೊಂಡ: ಮೂಲದ ಆಧಾರವಿಲ್ಲದ ಯಾವುದನ್ನೂ ತಾನು ಬರೆಯುವುದಿಲ್ಲ, ಅಪೇಕ್ಷಿತವಲ್ಲದ ಯಾವುದನ್ನೂ ತಾನು ಹೇಳುವುದಿಲ್ಲ. ಕಾಳಿದಾಸನಿಂದ ಸುಮಾರು ಸಾವಿರ ವರ್ಷ ದೂರದಲ್ಲಿದ್ದು, ಕವಿಯ ಮನಸ್ಸನ್ನು ಅವನ ಅಕ್ಷರಗಳಿಂದಲ್ಲದೆ ಬೇರಾವ ದ್ವಾರದಿಂದಲೂ ಪ್ರವೇಶಿಸಲಾಗದ ವ್ಯಾಖ್ಯಾನಕಾರನಿಗೆ ಈ ವ್ರತ ಎಷ್ಟು ಅವಶ್ಯಕವಾಗಿದ್ದಿತೋ, ನಮ್ಮ ಕೋಡನ್ನು ಮೊದಲ ಬಾರಿಗೆ ತೆರೆದು ನೋಡುವ ಏಜೆಂಟನಿಗೂ ಅಷ್ಟೇ ಅವಶ್ಯಕ. ಅವನಿಗೂ ಅಕ್ಷರವಲ್ಲದೆ ಬೇರೆ ಸಾಕ್ಷ್ಯವಿಲ್ಲ. ಆದ್ದರಿಂದ ಆ ಎರಡು ನಿಯಮಗಳನ್ನೇ ಪತ್ರದ ನಡುವೆ ಸ್ಥಾಪಿಸಿ, ಅವುಗಳನ್ನು ಆಚರಣೆಯ ಭಾಷೆಗೆ ಇಳಿಸಿದೆ. ಪ್ರೋಗ್ರಾಮು ಇದನ್ನು ಮಾಡುತ್ತದೆ ಎಂದು ಬರೆದ ಪ್ರತಿಯೊಂದು ವಾಕ್ಯಕ್ಕೂ ಯಾವ ಫೈಲಿನ ಯಾವ ಫಂಕ್ಷನ್ ಆಧಾರವೆಂಬುದನ್ನು ಕರಡಿನಲ್ಲಿ ಗುರುತಿಸತಕ್ಕದ್ದು. ಆಧಾರ ಸಿಗದಿದ್ದರೆ ವಾಕ್ಯವನ್ನು ಕೈಬಿಡತಕ್ಕದ್ದು. ಕೊಟ್ಟ ಉದಾಹರಣೆಯನ್ನು ಓಡಿಸಿ ನೋಡಿ, ಬಂದ ಫಲವನ್ನೇ ಬರೆಯತಕ್ಕದ್ದು. ಈ ಕಡೆಯ ನಿಯಮ ಹೊಸದೇನೂ ಅಲ್ಲ. ವಿವರಣೆಯೊಳಗಿನ ಉದಾಹರಣೆಗಳನ್ನು ಯಂತ್ರದಿಂದಲೇ ನಡೆಸಿ, ಬರೆದ ಫಲಕ್ಕೂ ಬಂದ ಫಲಕ್ಕೂ ತಾಳೆ ನೋಡುವ ‘ಡಾಕ್‌ಟೆಸ್ಟ್’ ಎಂಬ ಸಾಧನ ಪೈಥಾನ್ ಭಾಷೆಯಲ್ಲಿ ೨೦೦೧ರಿಂದಲೂ ಇದೆ. ಮನುಷ್ಯರು ಬೇಸರದಿಂದ ಬಿಟ್ಟುಬಿಡುತ್ತಿದ್ದ ಈ ಪರೀಕ್ಷೆಯನ್ನು ಬೇಸರವರಿಯದ ಏಜೆಂಟನಿಗೆ ಪ್ರತಿ ಸಲವೂ ಒಪ್ಪಿಸಬಹುದೆಂಬುದು ಈ ನೇಮಕದಿಂದ ನಮಗೆ ದೊರೆಯುವ ದೊಡ್ಡ ಲಾಭ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮಾತಿನಲ್ಲಿ ಹೇಳಿದ ಆದೇಶ ಬೇರೆ, ಕೈಗೆ ಕೊಡದೆ ಉಳಿಸಿಕೊಂಡ ಸಾಧನ ಬೇರೆ. ‘ಮೂಲ ಕೋಡನ್ನು ಮುಟ್ಟಬೇಡ’ ಎಂದು ಬರೆದ ವಾಕ್ಯವನ್ನು ಏಜೆಂಟನು ಬಹುಮಟ್ಟಿಗೆ ಪಾಲಿಸುತ್ತಾನೆ. ಆದರೆ ವಿವರಣೆಗೆ ಕೋಡು ಹೊಂದದೆ ಹೋದ ಒಂದು ಸಂದರ್ಭದಲ್ಲಿ, ವಿವರಣೆಯನ್ನು ತಿದ್ದುವುದಕ್ಕೆ ಬದಲಾಗಿ ಕೋಡನ್ನೇ ತಿದ್ದಿ ಎರಡನ್ನೂ ಒಂದುಗೂಡಿಸುವುದು ಅವನಿಗೆ ಉಪಕಾರವೆಂದೇ ತೋರಬಹುದು. ಆಜ್ಞೆಯನ್ನು ತೂಗಿ ನೋಡುವ ಸ್ವಾತಂತ್ರ್ಯ ಭಾಷೆಯಲ್ಲಿ ಯಾವಾಗಲೂ ಇದ್ದೇ ಇರುತ್ತದೆ. ಟೂಲ್‌ಗಳ ಪಟ್ಟಿ, ಅನುಮತಿಯ ನಿಯಮಗಳು ಇವುಗಳ ಸ್ವಭಾವ ಹಾಗಲ್ಲ. ಓದಲು ಎಲ್ಲ ಫೋಲ್ಡರುಗಳೂ ತೆರೆದಿದ್ದು, ಬರೆಯಲು ಕೈಪಿಡಿಯ ಫೋಲ್ಡರೊಂದೇ ತೆರೆದಿರುವಂತೆ, ಅವನು ನಡೆಸುವ ಆಜ್ಞೆಗಳಿಗೂ ಆ ಕಟ್ಟು ಅನ್ವಯಿಸುವಂತೆ ಅವನ್ನು ಅಳವಡಿಸಿದರೆ, ಅವನ ಅಭಿಪ್ರಾಯವೇನೇ ಇರಲಿ, ಮೂಲಕ್ಕೆ ಅಪಾಯವಿಲ್ಲ. ಯಾವುದರ ಉಲ್ಲಂಘನೆ ಸಹ್ಯವೋ ಅದನ್ನು ಮಾತಿನಲ್ಲಿ ಹೇಳಬಹುದು. ಯಾವುದರ ಉಲ್ಲಂಘನೆ ಅಸಹ್ಯವೋ ಅದನ್ನು ವ್ಯವಸ್ಥೆಯಲ್ಲಿಯೇ ತಡೆಯಬೇಕು. ಆದೇಶಪತ್ರಗಳನ್ನು ದಿನದಿನಕ್ಕೆ ಬೆಳೆಸುತ್ತ ಹೋಗಿ, ‘ಖಂಡಿತ ಕೂಡದು’ ಎಂಬ ಮಾತನ್ನು ದಪ್ಪಕ್ಷರಗಳಲ್ಲಿ ಪುನರುಚ್ಚರಿಸುವವರನ್ನು ಕಂಡಾಗ ನನಗೆ ಅನ್ನಿಸುವುದು, ಆ ಶ್ರಮದ ಅರ್ಧವನ್ನು ಅನುಮತಿಗಳ ಕಡೆಗೆ ತಿರುಗಿಸಿದ್ದರೆ ಪತ್ರವೂ ಚಿಕ್ಕದಾಗುತ್ತಿತ್ತು, ಮನಸ್ಸೂ ನಿಶ್ಚಿಂತವಾಗಿರುತ್ತಿತ್ತು ಎಂದು.

ಇಷ್ಟಾದರೂ ಏಜೆಂಟನ ಬರೆಹದಲ್ಲಿ ಒಂದು ಸ್ಥಳ ಬರಿದಾಗಿಯೇ ಉಳಿಯುತ್ತದೆ. ಅದು ಕಾರಣದ ಸ್ಥಳ. ಕೋಡು ಏನನ್ನು ಮಾಡುತ್ತದೆಂಬುದನ್ನು ಹೇಳುತ್ತದೆಯೇ ಹೊರತು ಏಕೆ ಹಾಗೆ ಮಾಡುತ್ತದೆಂಬುದನ್ನು ಹೇಳುವುದಿಲ್ಲ. ಬೇರೆ ಯಾವ ದಾರಿಗಳನ್ನು ನೋಡಿ ಕೈಬಿಡಲಾಯಿತೆಂಬುದನ್ನಂತೂ ಹೇಳುವುದೇ ಇಲ್ಲ. ನಮ್ಮ ನಾಡಿನ ಭಟ್ಟಾಕಳಂಕದೇವನು ೧೬೦೪ರಲ್ಲಿ ಕನ್ನಡ ಭಾಷೆಗೆ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಸಂಸ್ಕೃತದ ೫೯೨ ಸೂತ್ರಗಳಲ್ಲಿ ರಚಿಸಿದಾಗ, ಅವಕ್ಕೆ ವೃತ್ತಿಯನ್ನೂ ಆ ವೃತ್ತಿಗೆ ವ್ಯಾಖ್ಯಾನವನ್ನೂ ತಾನೇ ಬರೆದನು. ಸೂತ್ರದ ಅಭಿಪ್ರಾಯವನ್ನು ಸೂತ್ರಕಾರನಿಗಿಂತ ಬಲ್ಲವರಾರು? ಆದರ್ಶವೇನೋ ಅದೇ. ನಮ್ಮ ಏಜೆಂಟನು ಭಟ್ಟಾಕಳಂಕನಾಗಲಾರ. ಅವನು ಪರರ ಕೃತಿಗೆ ಟೀಕೆ ಬರೆಯುವ ಮಲ್ಲಿನಾಥನ ವರ್ಗಕ್ಕೆ ಸೇರಿದವನು. ಆದರೆ ಮಲ್ಲಿನಾಥನಿಗಿಲ್ಲದಿದ್ದ ಒಂದು ಅನುಕೂಲ ಅವನಿಗುಂಟು: ಅವನ ಮೂಲಕರ್ತೃ ಬದುಕಿದ್ದಾನೆ, ಕೇಳಿದರೆ ಹೇಳುತ್ತಾನೆ. ಈ ಒಂದು ವಿಚಾರ ಹೊಳೆದ ಮೇಲೆ ಪತ್ರದಲ್ಲಿ ಮತ್ತೊಂದು ನಿಯಮ ಸೇರಿತು. ಕಾರಣ ಗೊತ್ತಾಗದ ಕಡೆಯಲ್ಲಿ ಕಾರಣವನ್ನು ಊಹಿಸಿ ಬರೆಯದೆ, ‘ಪ್ರಶ್ನೆಗಳು’ ಎಂಬ ಪ್ರತ್ಯೇಕ ಫೈಲಿನಲ್ಲಿ ಅದನ್ನು ಪ್ರಶ್ನೆಯಾಗಿ ಬರೆದಿಡತಕ್ಕದ್ದು.

ಆ ಫೈಲು ನನಗೆ ಕೈಪಿಡಿಗಿಂತಲೂ ಪ್ರಿಯವಾಯಿತೆಂದು ಹೇಳಬೇಕು. ಅದರಲ್ಲಿ ಬಂದ ಒಂದು ಪ್ರಶ್ನೆ ಇದು: ಪ್ರೋಗ್ರಾಮು ವರ್ಡ್ ಕಡತಗಳನ್ನು ಮಾತ್ರ ಸ್ವೀಕರಿಸಿ, ಬರಿಯ ಪಠ್ಯದ ಕಡತಗಳನ್ನು ಏಕೆ ನಿರಾಕರಿಸುತ್ತದೆ? ಪ್ರತಿಯೊಂದು ತುಣುಕಿನ ಫಾಂಟಿನ ಹೆಸರನ್ನು ಓದುತ್ತದೆಂಬುದು ಕೋಡಿನಲ್ಲಿ ಕಾಣುತ್ತದೆ. ಕಾರಣವಾದರೋ ಕೋಡಿನ ಹೊರಗಿದೆ. ಹಳೆಯ ಪದ್ಧತಿಯಲ್ಲಿ ಕನ್ನಡದ ಆಕೃತಿಗಳೂ ಇಂಗ್ಲಿಷಿನ ಅಕ್ಷರಗಳೂ ಒಂದೇ ಸಂಕೇತಗಳನ್ನು ಹಂಚಿಕೊಂಡಿದ್ದುವು. ವಾಕ್ಯದ ನಡುವೆ ಒಂದು ಇಂಗ್ಲಿಷ್ ಪದ ಬಂದಿದ್ದರೆ, ಅದು ಇಂಗ್ಲಿಷೇ ಕನ್ನಡವೇ ಎಂದು ಹೇಳಬಲ್ಲ ಏಕೈಕ ಸಾಕ್ಷಿ ಫಾಂಟಿನ ಹೆಸರು. ಬರಿಯ ಪಠ್ಯವಾಗಿ ಉಳಿಸಿದ ಕ್ಷಣದಲ್ಲಿ ಆ ಸಾಕ್ಷಿ ಅಳಿಸಿಹೋಗುತ್ತದೆ. ಆಮೇಲೆ ಪರಿವರ್ತಿಸಿದರೆ ಒಳ್ಳೆಯ ಇಂಗ್ಲಿಷ್ ಪದವೂ ಅರ್ಥವಿಲ್ಲದ ಕನ್ನಡ ಅಕ್ಷರಗಳ ಸರವಾಗಿಬಿಡುತ್ತದೆ. ಇದನ್ನು ನಾನು ಎಲ್ಲಿಯೂ ಬರೆದಿರಲಿಲ್ಲ, ಬರೆಯಬೇಕೆಂದು ತೋರಿರಲೂ ಇಲ್ಲ. ಒಳಗಿದ್ದವನಿಗೆ ಕಾಣದುದು ಹೊರಗಿನಿಂದ ಬಂದವನ ಪ್ರಶ್ನೆಯಿಂದ ಕಂಡಿತು. ಶಾಸ್ತ್ರವ್ಯಾಖ್ಯಾನದ ಅಂಗಗಳಲ್ಲಿ ಆಕ್ಷೇಪಕ್ಕೂ ಅದರ ಸಮಾಧಾನಕ್ಕೂ ಸ್ಥಾನ ಕೊಟ್ಟ ಪ್ರಾಚೀನರ ವಿವೇಕ ಎಷ್ಟು ದೊಡ್ಡದೆಂದು ಆಗ ಅರಿವಾಯಿತು.

ಕೈಪಿಡಿಯು ಕನ್ನಡದಲ್ಲಿಯೇ ಇರಬೇಕೆಂಬುದು ನನ್ನ ಹಟ. ಕನ್ನಡ ಕಡತಗಳ ಉದ್ಧಾರಕ್ಕೆಂದು ಹುಟ್ಟಿದ ಸಾಧನವನ್ನು ಕನ್ನಡಿಗನು ಇಂಗ್ಲಿಷಿನಲ್ಲಿ ಓದಿ ತಿಳಿಯಬೇಕೆಂಬುದು ಯಾವ ನ್ಯಾಯ? ಏಜೆಂಟನ ಕನ್ನಡದಲ್ಲಿ ವ್ಯಾಕರಣದೋಷ ಹೆಚ್ಚಾಗಿಲ್ಲ. ಆದರೆ ‘ಕಡತವು ಪರಿವರ್ತಿಸಲ್ಪಡುತ್ತದೆ’ ಎಂಬಂತಹ, ಯಾರ ನಾಲಗೆಯ ಮೇಲೂ ಆಡದ ಕರ್ಮಣಿಪ್ರಯೋಗಗಳು ತುಂಬಿರುತ್ತವೆ. ಅದಕ್ಕಾಗಿ ಪತ್ರದ ಜೊತೆಗೆ ಒಂದು ಪದಕೋಶವನ್ನೂ, ಒಪ್ಪುವ ಮತ್ತು ಒಪ್ಪದ ವಾಕ್ಯಗಳ ಜೋಡಿಗಳನ್ನೂ ಇರಿಸಿದ್ದೇನೆ. ಫೈಲು, ಫೋಲ್ಡರು, ಫಾಂಟು ಎಂಬ ಮಾತುಗಳು ಜನರ ಬಾಯಲ್ಲಿ ನೆಲೆಸಿರುವುದರಿಂದ ಅವುಗಳನ್ನು ಹಾಗೆಯೇ ಬಿಟ್ಟು, ವಾಕ್ಯದ ಕಟ್ಟು ಮಾತ್ರ ನಮ್ಮದಾಗಿರಬೇಕೆಂದು ವಿಧಿಸಿದ್ದೇನೆ. ಸುಧಾರಣೆ ನಿಧಾನವಾದರೂ ನಿಜವಾಗಿಯೇ ಆಗುತ್ತಿದೆ.

ಮೂಲದ ಆಧಾರವಿಲ್ಲದುದನ್ನು ಬರೆಯಬಾರದೆಂಬ ನಿಯಮಕ್ಕೂ ಒಂದು ಎಲ್ಲೆಯುಂಟೆಂಬುದು ತಿಳಿದದ್ದು ೞಕಾರದ ಪ್ರಸಂಗದಲ್ಲಿ. ಹಳಗನ್ನಡದ ಈ ವರ್ಣಕ್ಕೆ ಯೂನಿಕೋಡಿನ ಅಧಿಕೃತ ಪಟ್ಟಿಯಲ್ಲಿ ಕೊಟ್ಟಿರುವ ಹೆಸರು ‘ಕನ್ನಡ ಲೆಟರ್ ಎಫ್‌ಎ’, ಎಂದರೆ ‘ಫ’ ಎಂಬ ಅಕ್ಷರ. ಅದು ಹೆಸರಿಡುವಾಗ ಆದ ಪ್ರಮಾದ. ಆದರೆ ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲವೆಂಬುದು ಯೂನಿಕೋಡಿನ ಸ್ಥಿರನೀತಿಯಾದುದರಿಂದ, ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದ ಹೆಸರು ಉಪನಾಮವಾಗಿ ಅದರ ಪಕ್ಕದಲ್ಲಿ ಸೇರಿದೆ. ಏಜೆಂಟನು ವ್ರತಕ್ಕೆ ತಪ್ಪದೆ ಅಧಿಕೃತ ಪಟ್ಟಿಯನ್ನೇ ಆಧಾರವಾಗಿ ಹಿಡಿದು, ಈ ಅಕ್ಷರವನ್ನು ಫಕಾರದ ಒಂದು ಭೇದವೆಂದು ನಿರ್ದೇಶಿಕೆಯಲ್ಲಿ ಬರೆದಿದ್ದನು. ಅವನಲ್ಲಿ ದೋಷವಿಲ್ಲ, ಮೂಲವೇ ದುಷ್ಟವಾಗಿದ್ದಿತು. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ, ೞಕಾರವು ಯಾವ ಯಾವ ಶಬ್ದಗಳಲ್ಲಿ ಬರುತ್ತದೆಂಬುದನ್ನು ಪ್ರತ್ಯೇಕವಾಗಿ ವಿವೇಚಿಸಿಟ್ಟಿದ್ದಾನೆ, ಅದನ್ನು ಬಲ್ಲವರೊಬ್ಬರು ಪುಟವನ್ನು ಓದದೆ ಈ ತಪ್ಪು ಹೊರಬೀಳುತ್ತಿರಲಿಲ್ಲ. ಈಗ ನೇಮಕಪತ್ರದಲ್ಲಿ, ಹಳಗನ್ನಡದ ವರ್ಣಗಳಿಗೆ ಸಂಬಂಧಿಸಿದ ಪುಟಗಳು ಹಳಗನ್ನಡ ಬಲ್ಲವರ ಒಪ್ಪಿಗೆಯಿಲ್ಲದೆ ಪ್ರಕಟವಾಗಕೂಡದೆಂದು ಸೇರಿಸಿದ್ದೇನೆ. ‘ಮಿತಿಗಳು’ ಎಂಬ ಕಡೆಯ ಅಧ್ಯಾಯದ ಫೈಲನ್ನು ಏಜೆಂಟನು ಓದಬಹುದು, ತಿದ್ದಲಾರ. ಅದನ್ನು ನಾನೇ ಬರೆಯುತ್ತಿದ್ದೇನೆ. ಬರಿಯ ಪಠ್ಯದ ಕಡತಗಳ ಸಂಗತಿ ಅದರ ಮೊದಲ ಪುಟದಲ್ಲಿದೆ. ೞಕಾರದ ಎರಡು ಹೆಸರುಗಳ ಸಂಗತಿ ಎರಡನೆಯದರಲ್ಲಿ.